ಕಛೇರಿಯನ್ನು ಜೇಬಿನಲ್ಲಿಟ್ಟು ಮನೆಗೆ ತರುವುದು ಹೇಗೆ?



ಮಾಟುಂಗಾದ ಯಾವುದಾದರೂ ಸಭಾಗೃಹದಲ್ಲಿ ಶನಿವಾರ ಸಂಜೆಯ ಸಂಗೀತ ಕಛೇರಿಗೋ ತಾಳಮದ್ದಳೆಗೋ ನೀವು ಹೋಗಿಯೇ ಇರುತ್ತೀರಿ. ಪರದೆ ಸರಿಯುತ್ತಿದ್ದಂತೆ ಹತ್ತಾರು ಕೈಗಳು ಮೇಲೇಳುತ್ತವೆ, ಪ್ರತಿ ಕೈಯಲ್ಲೂ ಒಂದು ಮೊಬೈಲು. ಮರುದಿನ ಬೆಳಿಗ್ಗೆ ಅದನ್ನೇ ಹಾಕಿ ಕೇಳಿದರೆ ಏನಿರುತ್ತದೆ? ಪಕ್ಕದವರ ಕೆಮ್ಮು, ಫ್ಯಾನಿನ ಗುಂಯ್ ಶಬ್ದ, ತಬಲಾದ ಪೆಟ್ಟು ಬಿದ್ದಾಗಲೆಲ್ಲ ಒಳಗೆ ಹೋಗಿ ಮತ್ತೆ ಹೊರಗೆ ಬರುವ ಗಾಯಕರ ದನಿ. ಎರಡು ನಿಮಿಷ ಕೇಳಿ ಮುಚ್ಚಿಬಿಡುತ್ತೇವೆ. ಮತ್ತೆ ಯಾವತ್ತೂ ತೆರೆಯುವುದಿಲ್ಲ.

ಅದೇ ಕಛೇರಿಯನ್ನು ಅಂಗೈಯಗಲದ ಡಿಜಿಟಲ್ ರೆಕಾರ್ಡರಿನಲ್ಲಿ ಸರಿಯಾಗಿ ಹಿಡಿದರೆ ಮುಂದಿನ ಪೀಳಿಗೆಯೂ ಕೇಳಬಹುದು. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು, ಯಂತ್ರವನ್ನು ಸರಿಯಾದ ಜಾಗದಲ್ಲಿ ಇಡಬೇಕು, ಮುಗಿದ ಮೇಲೆ ಹೆಸರು ಬರೆದು ಎರಡು ಕಡೆ ಇಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದ ಶ್ರಮ ವ್ಯರ್ಥ. ಒಂದೊಂದಾಗಿ ನೋಡೋಣ ಬನ್ನಿ.

ಇಷ್ಟೆಲ್ಲ ಯಾಕೆ?

ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಮಂಜೀ ಖಾನ್, ಬುರ್ಜೀ ಖಾನ್ ಅವರಲ್ಲಿ ಕಲಿತವರು. ಆ ಕಾಲದ 78 ವೇಗದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರೂವರೆ ನಿಮಿಷ. ಒಂದು ರಾಗವನ್ನು ಮುಕ್ಕಾಲು ಗಂಟೆ ಬಿಡಿಸಿ ಹಾಡುವ ಗಾಯಕರು ಆ ತಟ್ಟೆಯಲ್ಲಿ ಎಷ್ಟು ಸಿಕ್ಕಿಯಾರು? ಸಭೆಯ ಎದುರು ಕೂತು ಹಾಡಿದ ಮನಸೂರರು ಬೇಕೆಂದರೆ ಕಛೇರಿಯ ಧ್ವನಿಮುದ್ರಣವನ್ನೇ ಹುಡುಕಬೇಕು. ಆಕಾಶವಾಣಿ ಮುದ್ರಿಸಿಕೊಂಡದ್ದು ಒಂದು ಪಾಲಾದರೆ, ರಸಿಕರು ಸ್ಪೂಲ್ ಟೇಪು, ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟದ್ದು ಇನ್ನೊಂದು ಪಾಲು.

ನಮ್ಮ ಕರಾವಳಿಯವರಿಗೆ ಬೇರೆ ಉದಾಹರಣೆಯೇ ಬೇಡ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅವರನ್ನು ರಂಗಸ್ಥಳದಲ್ಲಿ ನೋಡದ ಹುಡುಗರು ಕೂಡ ಇಂದು ಅವರ ಪದಗಳನ್ನು ಗುನುಗುತ್ತಾರೆ. ಅಂದಿನ ಕ್ಯಾಸೆಟ್ಟುಗಳಿಂದಾಗಿಯೇ ಆ ದನಿ ಇನ್ನೂ ನಮ್ಮ ಜೊತೆಗಿದೆ.

ತಾಳಮದ್ದಳೆಯ ವಿಷಯವಂತೂ ಇನ್ನೂ ಸೂಕ್ಷ್ಮ. ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ, ಅರ್ಥ ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಕೃಷ್ಣನೂ ಕೌರವನೂ ಆ ಸಂಜೆ ಏನು ವಾದಿಸಿದರೋ ಅದು ಆ ಸಂಜೆಗಷ್ಟೇ. ನಾಳೆ ಅದೇ ಪ್ರಸಂಗ, ಅದೇ ಕಲಾವಿದರು ಇದ್ದರೂ ಮಾತು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತಿನ ಸೊಗಸು ನಮಗೆ ಇಂದು ಸಿಗುವುದು ಯಾರೋ ಟೇಪು ಒತ್ತಿದ್ದರಿಂದ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರೆ. ಹೀಗೆ ನಮ್ಮ ಉಪನಗರಗಳ ಸಣ್ಣ ಸಭಾಗೃಹಗಳಲ್ಲಿ ನಡೆದ ಎಷ್ಟೋ ಮಾತಿನ ಕಾಳಗಗಳಿಗೆ ಇಂದು ಸಾಕ್ಷಿಯೇ ಇಲ್ಲ.

ಮೊದಲು ಕೇಳಿ, ಆಮೇಲೆ ಒತ್ತಿ

"ನಾನು ಟಿಕೆಟ್ ಕೊಟ್ಟು ಬಂದಿದ್ದೇನೆ, ಮುದ್ರಿಸಿಕೊಂಡರೆ ಏನು ತಪ್ಪು?" ಎಂದು ಹಲವರು ಕೇಳುತ್ತಾರೆ. ಕಾನೂನು ಏನು ಹೇಳುತ್ತದೆ ನೋಡಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ, 1995ರ ಮೇ 10ರಿಂದ ಹಾಡುವವರಿಗೆ, ನುಡಿಸುವವರಿಗೆ, ಅಭಿನಯಿಸುವವರಿಗೆ 'ಪ್ರದರ್ಶಕರ ಹಕ್ಕು' ಎಂಬುದನ್ನು ಕೊಟ್ಟಿತು. ಇದರ ಅವಧಿ ಮೊದಲು 25 ವರ್ಷವಿತ್ತು, 1999ರ ತಿದ್ದುಪಡಿಯಲ್ಲಿ ಅದು 50 ವರ್ಷವಾಯಿತು. ಕಾರ್ಯಕ್ರಮ ನಡೆದ ವರ್ಷದ ಮುಂದಿನ ಜನವರಿಯಿಂದ ಈ 50 ವರ್ಷಗಳ ಎಣಿಕೆ.

ಅದೇ ಕಾಯಿದೆಯ 39ನೇ ಕಲಮು ಒಂದು ವಿನಾಯಿತಿಯನ್ನೂ ಇಟ್ಟಿದೆ. ಮುದ್ರಿಸಿಕೊಳ್ಳುವವರು ತಮ್ಮ ಸ್ವಂತ ಉಪಯೋಗಕ್ಕೆ ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗೆಂದು ಮಾತ್ರ ಮುದ್ರಿಸಿಕೊಂಡರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಅಂದರೆ ಮನೆಯಲ್ಲಿ ಕೇಳಲು ಹಿಡಿದದ್ದಕ್ಕೆ ಅಡ್ಡಿಯಿಲ್ಲ. ಅದನ್ನೇ ಸಿಡಿ ಮಾಡಿ ಮಾರಿದರೆ, ಇಂಟರ್‌ನೆಟ್ಟಿಗೆ ಹಾಕಿದರೆ, ರೇಡಿಯೋಗೆ ಕೊಟ್ಟು ಪ್ರಸಾರ ಮಾಡಿಸಿದರೆ ಕಲಾವಿದರ ಒಪ್ಪಿಗೆ ಬೇಕೇ ಬೇಕು. ಹಾಡಿದ ಕವಿತೆಗೂ ಹಕ್ಕುದಾರರಿರುತ್ತಾರೆ. ಕವಿ ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ನಡೆಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರು ತಮ್ಮ ಹೆಸರಿನಲ್ಲಿ ಪ್ರಕಟಿಸಿದ ಕವಿತೆಗಳಿಗೆ ಇದು 2041ರ ಕೊನೆಯವರೆಗೆ. ಪುರಂದರದಾಸರ ಪದಕ್ಕೆ ಈ ತೊಡಕಿಲ್ಲ, ಆದರೆ ಅದನ್ನು ಹಾಡಿದವರ ಹಕ್ಕು ಅಲ್ಲೂ ಇರುತ್ತದೆ.

ಕಾನೂನಿನ ಮಾತು ಹಾಗಿರಲಿ. ಸಭಾಗೃಹದವರ, ಸಂಘಟಕರ ಷರತ್ತು ಬೇರೆ ಇರಬಹುದು. ಅವರು ಬೇಡವೆಂದರೆ ಬೇಡ. ಕದ್ದು ಮುದ್ರಿಸುವ ಅಭ್ಯಾಸವನ್ನಂತೂ ಮಾಡಿಕೊಳ್ಳಬೇಡಿ. ಜೇಬಿನೊಳಗೆ ಬಚ್ಚಿಟ್ಟ ಯಂತ್ರಕ್ಕೆ ಮುಖ್ಯವಾಗಿ ಕೇಳಿಸುವುದು ನಿಮ್ಮ ಅಂಗಿಯ ಸರಪರ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಶ್ರುತಿ ಕೂಡಿಸಿಕೊಳ್ಳುತ್ತಿರುವವರನ್ನು ಕೆಣಕದೆ, ಬಿಡುವು ನೋಡಿ ಹೀಗೆ ಕೇಳಿ:

"ಭಾಗವತರೇ, ಇವತ್ತಿನದನ್ನು ಮನೆಯಲ್ಲಿ ಕೇಳಲಿಕ್ಕೆ ಮುದ್ರಿಸಿಕೊಳ್ಳಬಹುದೇ? ಎಲ್ಲಿಯೂ ಹಾಕುವುದಿಲ್ಲ. ನಿಮಗೂ ಒಂದು ಪ್ರತಿ ಕಳಿಸುತ್ತೇನೆ."

ಕೊನೆಯ ವಾಕ್ಯವನ್ನು ಮರೆಯಬೇಡಿ. ಹಲವು ಕಲಾವಿದರ ಬಳಿ ಅವರದೇ ಒಳ್ಳೆಯ ಕಛೇರಿಯ ಪ್ರತಿ ಇರುವುದಿಲ್ಲ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ 1984ರಿಂದ ತನ್ನ ಕಾರ್ಯಕ್ರಮಗಳಲ್ಲಿ ಧ್ವನಿ ಮುದ್ರಿಸುವವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಹಂಚಿಕೊಳ್ಳಬಹುದು, ಮಾರುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಆ ತಂಡದ ಸಾವಿರಾರು ಕಾರ್ಯಕ್ರಮಗಳು ಉಳಿದುಕೊಂಡದ್ದರಲ್ಲಿ ಈ ಅಭಿಮಾನಿಗಳ ಪಾಲು ದೊಡ್ಡದು. ನಮ್ಮ ಸಂಘಗಳೂ ಒಂದು ಮೂಲೆಯನ್ನು ಹೀಗೆ ಬಿಟ್ಟುಕೊಡುವ ಬಗ್ಗೆ ಯೋಚಿಸಬಹುದಲ್ಲವೇ?

ಯಂತ್ರ ಯಾವುದು?

ಕ್ಯಾಸೆಟ್ಟಿನ ಕಾಲದವರಿಗೆ ನೆನಪಿರಬಹುದು. 90 ನಿಮಿಷದ ಕ್ಯಾಸೆಟ್ಟಿನಲ್ಲಿ 45 ನಿಮಿಷಕ್ಕೊಮ್ಮೆ ಬದಿ ತಿರುಗಿಸಬೇಕು, ಅದೂ ಸರಿಯಾಗಿ ದ್ರುತ್ ಶುರುವಾಗುವ ಹೊತ್ತಿಗೆ! 1992ರಲ್ಲಿ ಸೋನಿಯ ಮಿನಿಡಿಸ್ಕ್ ಬಂತು. 2006ರ ಹೊತ್ತಿಗೆ ಝೂಮ್ ಎಚ್4, ಎಡಿರಾಲ್ ಆರ್-09ರಂಥ, ಮೆಮೊರಿ ಕಾರ್ಡಿನಲ್ಲಿ ಮುದ್ರಿಸುವ ಪುಟ್ಟ ರೆಕಾರ್ಡರುಗಳು ಬಂದವು. ಟೇಪೂ ಇಲ್ಲ, ತಿರುಗುವ ಭಾಗವೂ ಇಲ್ಲ, ಎರಡು ಒಳ್ಳೆಯ ಮೈಕುಗಳು ಯಂತ್ರದಲ್ಲೇ ಸೇರಿಕೊಂಡಿರುತ್ತವೆ. ಇಂದಿಗೂ ಇದೇ ಬಗೆಯ ಯಂತ್ರ ನಮ್ಮ ಕೆಲಸಕ್ಕೆ ಸಾಕು. ಹಳೆಯದೊಂದು ಯಾರ ಮನೆಯಲ್ಲಾದರೂ ಇದ್ದರೆ ಎಸೆಯಬೇಡಿ.

"ಮೊಬೈಲು ಇದೆಯಲ್ಲ, ಇನ್ನೊಂದು ಯಾಕೆ?" ಎನ್ನಬಹುದು. ಮೊಬೈಲು ಮುಖ್ಯವಾಗಿ ಮಾತಿಗೆಂದು ಮಾಡಿದ ಯಂತ್ರ. ದನಿ ಜೋರಾದರೆ ತಾನೇ ತಗ್ಗಿಸುತ್ತದೆ, ಮೆಲ್ಲಗಾದರೆ ತಾನೇ ಏರಿಸುತ್ತದೆ. ಒಂದೇ ಸಮನೆ ಕೇಳುವ ಶಬ್ದವನ್ನು ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಕೇಳುವುದು ಯಾವುದು ಹೇಳಿ? ತಂಬೂರಿ! ಶ್ರುತಿಯನ್ನೇ ಗದ್ದಲವೆಂದು ತಿಳಿಯುವ ಯಂತ್ರಕ್ಕೆ ಕಛೇರಿ ಒಪ್ಪಿಸುವುದು ಹೇಗೆ? ಮೊಬೈಲೇ ಗತಿಯೆಂದರೆ, ಧ್ವನಿಮಟ್ಟವನ್ನು ಕೈಯಿಂದಲೇ ಹೊಂದಿಸಲು ಬಿಡುವ ಆ್ಯಪ್ ಹಾಕಿಕೊಳ್ಳಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಕೈಯಲ್ಲಿ ಹಿಡಿಯದೆ ಒಂದು ಕಡೆ ಊರಿಡಿ.

ಎಲ್ಲಿ ಇಡಬೇಕು?

ಎಷ್ಟು ದುಬಾರಿ ಯಂತ್ರ ಎನ್ನುವುದಕ್ಕಿಂತ ಎಲ್ಲಿ ಇಟ್ಟಿರಿ ಎನ್ನುವುದೇ ಮುಖ್ಯ. ಮೈಸೂರು ಅಸೋಸಿಯೇಷನ್ನಿನ ಸಭಾಗೃಹ, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹದಂಥ ಕಡೆ ಮುಂದಿನ ಎರಡು ಮೂರು ಸಾಲುಗಳೊಳಗೆ, ವೇದಿಕೆಯ ನಡುಗೆರೆಗೆ ಸರಿಯಾಗಿ ಜಾಗ ಹುಡುಕಿ. ಪಕ್ಕದಲ್ಲಿ ಸ್ಪೀಕರ್ ಪೆಟ್ಟಿಗೆ, ತಲೆಯ ಮೇಲೆ ಫ್ಯಾನು, ಎದುರಿಗೆ ಏಸಿಯ ಗಾಳಿ ಇರಬಾರದು. ಸಣ್ಣ ಮೂರುಕಾಲಿನ ಸ್ಟ್ಯಾಂಡ್ ಸಿಕ್ಕಿದರೆ ಮುಂದಿನವರ ತಲೆಗಿಂತ ತುಸು ಮೇಲೆ ಬರುವಂತೆ ನಿಲ್ಲಿಸಿ, ಆದರೆ ಹಿಂದಿನವರ ನೋಟಕ್ಕೂ ಓಡಾಡುವ ದಾರಿಗೂ ಅಡ್ಡ ಬರಬಾರದು. ಮೇಜಿನ ಮೇಲೆ ಇಡುವುದಾದರೆ ಕೆಳಗೆ ಮಡಚಿದ ಕರವಸ್ತ್ರ ಹಾಕಿ. ಮೇಜಿಗೆ ಬಡಿದ ಶಬ್ದ ಏರದಿರಲು ಅದು ನೆರವಾಗುತ್ತದೆ.

ಷಣ್ಮುಖಾನಂದದಂಥ, ಎರಡೂವರೆ ಸಾವಿರಕ್ಕೂ ಹೆಚ್ಚು ಆಸನಗಳ ಸಭಾಗೃಹದಲ್ಲಿ ಬಾಲ್ಕನಿಯಿಂದ ಹಿಡಿದರೆ ಸಿಗುವುದು ಬರೀ ಪ್ರತಿಧ್ವನಿ. ಅಂಥಲ್ಲಿ ಸಂಘಟಕರು ಒಪ್ಪಿದರೆ ಧ್ವನಿವರ್ಧಕದವರ ಮಿಕ್ಸರಿನಿಂದಲೇ ತಂತಿ ತೆಗೆದುಕೊಳ್ಳುವುದು ಮೇಲು. ಮಿಕ್ಸರಿನ 'ರೆಕ್ ಔಟ್' ಅಥವಾ 'ಲೈನ್ ಔಟ್'ನಿಂದ ಬಂದ ತಂತಿ ನಿಮ್ಮ ಯಂತ್ರದ 'ಲೈನ್ ಇನ್'ಗೆ ಹೋಗಬೇಕು, ಮೈಕಿನ ತೂತಿಗೆ ಅಲ್ಲ. ಅಲ್ಲಿಗೆ ಸಿಕ್ಕಿಸಿದರೆ ಎಲ್ಲವೂ ಒಡೆದು ಕೇಳುತ್ತದೆ. ಮಿಕ್ಸರಿನ ಧ್ವನಿಯಲ್ಲಿ ಒಂದು ಕೊರತೆಯಿದೆ. ಮೈಕು ಇಟ್ಟದ್ದು ಮಾತ್ರ ಅಲ್ಲಿ ಇರುತ್ತದೆ, ಸಭೆಯ 'ವಾಹ್ವಾ', ಚಪ್ಪಾಳೆ ಇರುವುದಿಲ್ಲ. ಸಣ್ಣ ಸಭಾಗೃಹದಲ್ಲಿ ಚೆಂಡೆಗೆ ಮೈಕು ಇಡದಿದ್ದರೆ ಚೆಂಡೆಯೇ ದೂರದಲ್ಲೆಲ್ಲೋ ಕೇಳುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಮೈಕಿನಿಂದಲೂ ಮಿಕ್ಸರಿನಿಂದಲೂ ಹಿಡಿಯಿರಿ.

ಸೊನ್ನೆಯೇ ಸೂರು

ಯಂತ್ರದ ಪರದೆಯಲ್ಲಿ ಓಡುವ ಗೆರೆಯ ಬಲತುದಿಯಲ್ಲಿ 0 ಎಂದಿರುತ್ತದೆ. ಅದೇ ಸೂರು. ಧ್ವನಿ ಅದಕ್ಕೆ ತಗಲಿದರೆ ತಲೆ ಕತ್ತರಿಸಿಹೋಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ಪೂರ್ತಿಯಾಗಿ ಮರಳಿ ತರಲಾಗದು. ಟೇಪಿನ ಕಾಲದಲ್ಲಿ ಮುಳ್ಳು ಆಗಾಗ ಕೆಂಪಿಗೆ ಹೋದರೂ ನಡೆಯುತ್ತಿತ್ತು. ಡಿಜಿಟಲ್‌ನಲ್ಲಿ ನಡೆಯುವುದಿಲ್ಲ.

ಮಾಡಬೇಕಾದದ್ದಿಷ್ಟು. 'ಆಟೋ ಲೆವೆಲ್' ಅಥವಾ 'ಎಜಿಸಿ' ಎಂದಿರುವುದನ್ನು ಮುಚ್ಚಿಬಿಡಿ. ಗಾಯಕರು ಶ್ರುತಿ ನೋಡುವಾಗ ಮಟ್ಟ ಹೊಂದಿಸಬೇಡಿ, ತಬಲಾ ಅಥವಾ ಚೆಂಡೆ ಜೋರಾಗಿ ನುಡಿದಾಗ ಹೊಂದಿಸಿ. ಅತಿ ಜೋರಾದ ಪೆಟ್ಟು ಮೈನಸ್ 12ರ ಆಸುಪಾಸಿನಲ್ಲಿ ನಿಂತರೆ ಸರಿ. 'ತೀರ ಕಡಿಮೆಯಾಯಿತಲ್ಲ' ಎಂಬ ಅಂಜಿಕೆ ಬೇಡ. 24 ಬಿಟ್‌ನಲ್ಲಿ ಮುದ್ರಿಸಿದರೆ ಮನೆಯಲ್ಲಿ ಏರಿಸಿಕೊಳ್ಳಲು ಬೇಕಾದಷ್ಟು ಅವಕಾಶವಿರುತ್ತದೆ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಅದು ಎರಡು ನಿಮಿಷದ ಕೆಲಸ. ತಾಳಮದ್ದಳೆಗೆ ಇದು ಮತ್ತೂ ಮುಖ್ಯ. ಮಟ್ಟ ಚೆಂಡೆಗೆ ತಕ್ಕಂತಿರಲಿ, ಮೆಲುಮಾತನ್ನು ಆಮೇಲೆ ಏರಿಸಿದರಾಯಿತು.

ಈಚೆಗೆ '32 ಬಿಟ್ ಫ್ಲೋಟ್' ಎಂಬ ಯಂತ್ರಗಳು ಬಂದಿವೆ. ಇವುಗಳಲ್ಲಿ ಮಟ್ಟ ಹೊಂದಿಸುವ ಗೋಜೇ ಇಲ್ಲ, ಜೋರಾದದ್ದನ್ನೂ ಆಮೇಲೆ ತಗ್ಗಿಸಿಕೊಳ್ಳಬಹುದು. ಆದರೆ ಮೈಕಿನ ಶಕ್ತಿಯನ್ನೇ ಮೀರಿದ ಶಬ್ದವನ್ನು ಅವೂ ಉಳಿಸಲಾರವು. ತಪ್ಪು ಜಾಗದಲ್ಲಿ ಇಟ್ಟದ್ದಕ್ಕೂ ಅವುಗಳಲ್ಲಿ ಮದ್ದಿಲ್ಲ.

ಕಾರ್ಡು, ಬ್ಯಾಟರಿ, ಮತ್ತು ನನ್ನದೊಂದು ತಪ್ಪು

ಯಾವ ರೂಪದಲ್ಲಿ ಮುದ್ರಿಸಬೇಕು? ವೇವ್ ಕಡತವಾಗಿ. ಸಿಡಿ ಗುಣಮಟ್ಟದ ವೇವ್ ಒಂದು ಗಂಟೆಗೆ ಸುಮಾರು 635 ಎಂಬಿ, 24 ಬಿಟ್ 48 ಕಿಲೋಹರ್ಟ್ಸ್ ಆದರೆ ಸುಮಾರು 1 ಜಿಬಿ ಜಾಗ ತಿನ್ನುತ್ತದೆ. 128 ಕೆಬಿಪಿಎಸ್ ಎಂಪಿ3ಗೆ 58 ಎಂಬಿ ಸಾಕು. ಆದರೆ ಎಂಪಿ3 ಮಾಡುವಾಗ ಬಿಟ್ಟುಹೋದ ಧ್ವನಿ ಮತ್ತೆ ಬರುವುದಿಲ್ಲ. 512 ಎಂಬಿ ಕಾರ್ಡಿನಲ್ಲಿ ಸಿಡಿ ಗುಣಮಟ್ಟದ ಧ್ವನಿ ಬರೀ 50 ನಿಮಿಷ ಹಿಡಿಯುತ್ತಿದ್ದ ಕಾಲದಲ್ಲಿ ಎಂಪಿ3 ಅನಿವಾರ್ಯವಾಗಿತ್ತು. ಇಂದಿನ 32 ಜಿಬಿ ಕಾರ್ಡಿನಲ್ಲಿ 24 ಬಿಟ್ ವೇವ್ ಕೂಡ ಸುಮಾರು 30 ಗಂಟೆ ಹಿಡಿಯುವಾಗ ಯಾಕೆ ಜಿಪುಣತನ? ಮೂಲ ವೇವ್ ಆಗಿರಲಿ, ನೆಂಟರಿಗೆ ಕೇಳಿಸಲು ಬೇಕಾದರೆ ಎಂಪಿ3 ಪ್ರತಿ ಮಾಡಿಕೊಳ್ಳಿ. ಹಳೆಯ ಯಂತ್ರಗಳು 2 ಜಿಬಿ ಆದೊಡನೆ ಕಡತವನ್ನು ತುಂಡರಿಸುತ್ತವೆ, ಇಲ್ಲವೇ ನಿಂತೇ ಬಿಡುತ್ತವೆ. ನಿಮ್ಮದು ಏನು ಮಾಡುತ್ತದೆಂದು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ ನೋಡಿ.

ಇನ್ನು ಬ್ಯಾಟರಿ. 2008ರಲ್ಲಿ ಉಪನಗರದ ಒಂದು ಸಣ್ಣ ಸಭೆಯಲ್ಲಿ ಹಿರಿಯರೊಬ್ಬರ ಗಮಕ ವಾಚನವಿತ್ತು. ಅನುಮತಿ ಕೇಳಿ, ಯಂತ್ರ ಸರಿಯಾಗಿ ಇಟ್ಟು, ಮಟ್ಟ ಹೊಂದಿಸಿ ನಿಶ್ಚಿಂತೆಯಿಂದ ಕೂತೆ. ಹಳೆಯ ಚಾರ್ಜಿನ ಸೆಲ್ಲುಗಳು. ಪರದೆಯ ಮೇಲೆ 'ತುಂಬಿದೆ' ಎಂದು ತೋರಿಸುತ್ತಿತ್ತು, ನಾನೂ ನಂಬಿದೆ. ಮುಗಿಯುವ ಮುಂಚಿನ ಇಪ್ಪತ್ತು ನಿಮಿಷ ಯಂತ್ರ ಸತ್ತುಹೋಗಿತ್ತು. ಆ ಹಿರಿಯರು ವಾಚನದ ಕಳೆಯೇರಿಸಿದ್ದೂ ಆ ಇಪ್ಪತ್ತು ನಿಮಿಷದಲ್ಲಿಯೇ. 'ಮುಂದಿನ ಸಲ ಹಿಡಿಯೋಣ' ಎಂದುಕೊಂಡೆ. ಮುಂದಿನ ಸಲ ಬರಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಅವರ ಮಗಳಿಗೆ ಪ್ರತಿ ಕೊಟ್ಟಾಗ ಕೊನೆಯವರೆಗೆ ಕೇಳಿ, "ಇಷ್ಟೇ ಇರುವುದಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ಲು, ಚೀಲದಲ್ಲಿ ಇನ್ನೊಂದು ಜೊತೆ. ಮಧ್ಯಂತರದಲ್ಲಿ ಮುದ್ರಣ ನಿಲ್ಲಿಸಿ, ಕಡತ ಉಳಿದದ್ದು ಖಚಿತವಾದ ಮೇಲೆ ಸೆಲ್ಲು ಬದಲಿಸಿ ಮತ್ತೆ ಶುರು ಮಾಡುತ್ತೇನೆ. ಕೈ ತಗಲಿ ನಿಲ್ಲದಂತೆ 'ಹೋಲ್ಡ್' ಗುಂಡಿಯನ್ನೂ ಹಾಕುತ್ತೇನೆ. ಕೊನೆಯ ಲೋಕಲ್ ತಪ್ಪೀತೆಂದು ಮಂಗಳಕ್ಕೆ ಮುಂಚೆ ಎದ್ದುಹೋಗುವವರು ನಮ್ಮಲ್ಲಿ ಬಹಳ. ಡೊಂಬಿವಿಲಿಗೋ ವಸಾಯಿಗೋ ಹೋಗಬೇಕಾದವರ ಕಷ್ಟ ನನಗೂ ಗೊತ್ತು. ಆದರೆ ಮುದ್ರಿಸುವ ಹೊಣೆ ಹೊತ್ತವರು ಹಾಗೆ ಮಾಡುವಂತಿಲ್ಲ.

ಮನೆಗೆ ಬಂದ ಮೇಲೆ

'ಎಸ್‌ಟಿಇ-014.ವೇವ್' ಎಂಬ ಹೆಸರಿನ ಕಡತ ಐದು ವರ್ಷದ ಮೇಲೆ ಯಾರಿಗೆ ಏನು ಹೇಳೀತು? ಸುಲಭದ ಉಪಾಯ ಒಂದಿದೆ. ಮುದ್ರಣ ಶುರುಮಾಡುವಾಗಲೇ ಮೆಲ್ಲಗೆ ದಿನಾಂಕ, ಜಾಗ, ಕಲಾವಿದರ ಹೆಸರು ಹೇಳಿಬಿಡಿ. ಹಿಮ್ಮೇಳದವರ ಹೆಸರನ್ನು ಬಿಡಬೇಡಿ. ಮುಖ್ಯ ಗಾಯಕರ ಹೆಸರು ಹೇಗೋ ಉಳಿಯುತ್ತದೆ, ಮದ್ದಳೆ ನುಡಿಸಿದವರದು ಅಳಿಸಿಹೋಗುತ್ತದೆ. ಮನೆಗೆ ಬಂದ ರಾತ್ರಿಯೇ ಕಂಪ್ಯೂಟರಿಗೆ ಇಳಿಸಿ, ಕಡತಕ್ಕೆ ವರ್ಷ-ತಿಂಗಳು-ದಿನ, ಕಲಾವಿದರು, ಸ್ಥಳ ಎಂಬ ಕ್ರಮದಲ್ಲಿ ಹೆಸರಿಡಿ. ಹಾಡಿದ ರಾಗ, ಪ್ರಸಂಗ, ಯಾರ ಒಪ್ಪಿಗೆ, ಯಾವ ಷರತ್ತು ಎಂಬುದನ್ನು ಜೊತೆಗೆ ಒಂದು ಪುಟದಲ್ಲಿ ಬರೆದಿಡಿ.

ಎರಡನೆಯ ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ, ಆದರೆ ಬೇರೆ ಮನೆಯಲ್ಲಿ ಇಡಿ. ನೀವು ಘಾಟ್ಕೋಪರದಲ್ಲಿದ್ದರೆ ಅದು ಮೀರಾ ರೋಡಿನ ತಂಗಿಯ ಮನೆಯಲ್ಲಿರಲಿ. 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಸಿನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರು ನಮ್ಮದು. ನೆಲಮಹಡಿಯ ಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಯೇ ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಒಮ್ಮೆ ಇಳಿಸಿ ನೋಡಿ. ಬಿಳಿ ಬೂಷ್ಟು ಹಿಡಿದಿದ್ದರೆ ಹಾಗೆಯೇ ಹಾಕಬೇಡಿ, ಅದು ಪ್ಲೇಯರಿನ ಹೆಡ್ಡಿಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ತಿಳಿದವರಿಗೆ ತೋರಿಸಿ. ಚೆನ್ನಾಗಿರುವುದನ್ನು ಪ್ಲೇಯರಿಗೆ ಹಾಕಿ, ತಂತಿಯಿಂದ ಇದೇ ರೆಕಾರ್ಡರಿನ 'ಲೈನ್ ಇನ್'ಗೆ ಕೊಟ್ಟರೆ ಅಪ್ಪನ ಕಾಲದ ಕಛೇರಿಯೂ ಡಿಜಿಟಲ್ ಆಗುತ್ತದೆ.

ನಮ್ಮ ಕಾರ್ಯಕ್ರಮಕ್ಕೂ ಬರಲಿ, ಆದರೆ…

ನೀವು ಮುದ್ರಿಸಿದ್ದನ್ನು ನಮ್ಮ ಕನ್ನಡ ವೇಳೆಯಲ್ಲಿ ಕೇಳಿಸಬೇಕೆಂಬ ಆಸೆ ನಿಮಗಿದ್ದರೆ ನಮಗೂ ಸಂತೋಷವೇ. ಆದರೆ ಕಲಾವಿದರ ಲಿಖಿತ ಒಪ್ಪಿಗೆ ಜೊತೆಗಿರಲಿ. ಸ್ವಂತಕ್ಕೆಂದು ಮುದ್ರಿಸಿದ್ದು ತಾನಾಗಿಯೇ ಪ್ರಸಾರಯೋಗ್ಯವಾಗುವುದಿಲ್ಲ. ಮೂಲ ವೇವ್ ಕಡತವನ್ನೇ ಕೊಡಿ, ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದದ್ದು ಬೇಡ.

ಪ್ರಸಾರವಾಗಲಿ ಬಿಡಲಿ, ಒಂದು ಕೆಲಸವನ್ನು ಮಾತ್ರ ತಪ್ಪಿಸಬೇಡಿ. ಮಾತು ಕೊಟ್ಟಂತೆ ಮೊದಲ ಪ್ರತಿಯನ್ನು ಕಲಾವಿದರಿಗೆ ತಲುಪಿಸಿ. ಮುಂದಿನ ಕಛೇರಿಯಲ್ಲಿ ನಿಮ್ಮನ್ನು ಕಂಡಾಗ ಅವರೇ ಕರೆದು "ಇಲ್ಲಿ ಇಡಿ, ಇಲ್ಲಿ ಚೆನ್ನಾಗಿ ಕೇಳುತ್ತದೆ" ಎಂದಾರು.

ಈ ವಾರ ಹೊರಡುವ ಮುಂಚೆ ಚೀಲ ಒಮ್ಮೆ ನೋಡಿಕೊಳ್ಳಿ: ಯಂತ್ರ, ಖಾಲಿ ಕಾರ್ಡು, ಎರಡು ಜೊತೆ ಸೆಲ್ಲು, ಕರವಸ್ತ್ರ, ಪೆನ್ನು, ಕಾಗದ. ಸಭಾಗೃಹದಲ್ಲಿ ಸಿಗೋಣ.